ಒಂದೇ ಡೈಮಂಡ್ ಬ್ಲೇಡ್ ಬಾದಾಮಿ ಕಲ್ಲಿಗೆ ಬೇಗ ಸವೆಯುತ್ತದೆ, ಇಳಕಲ್ ಗ್ರಾನೈಟ್‌ಗೆ ಹಿಡಿದರೆ ಕತ್ತರಿಸುವುದೇ ಇಲ್ಲ. ಯಾಕೆ?

ಬ್ಲೇಡ್ ಖೋಟಾ ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಅದು ಎರಡೂ ಕಲ್ಲಿಗೆ ಹೊಂದುವ ಬ್ಲೇಡ್ ಅಲ್ಲ, ಅಷ್ಟೇ.

ಕಲ್ಲು ಕೊರೆಯುವುದು ಉಕ್ಕಿನ ತಟ್ಟೆಯಲ್ಲ, ಅಂಚಿನ ಸೆಗ್ಮೆಂಟ್‌ಗಳಲ್ಲಿ, ಅಂದರೆ ಸಣ್ಣ ತುಂಡುಗಳಲ್ಲಿ, ಲೋಹದ ಪುಡಿಯೊಂದಿಗೆ ಕೂಡಿಸಿದ ಕೃತಕ ವಜ್ರದ ಹರಳುಗಳು. ಹರಳು ಮೊಂಡಾದಾಗ ಸುತ್ತಲಿನ ಲೋಹ ಸವೆದು ಅದನ್ನು ಉದುರಿಸಬೇಕು, ಒಳಗಿನ ಹೊಸ ಹರಳು ಹೊರಬರಬೇಕು. ಇಡೀ ಜಾಣ್ಮೆ ಇರುವುದು ಇಲ್ಲೇ. ಇಳಕಲ್ಲಿನ ಕೆಂಪು ಗ್ರಾನೈಟ್ ಬಲು ಗಟ್ಟಿ, ಅದರ ಪುಡಿ ನುಣುಪು. ಆ ಪುಡಿ ಲೋಹವನ್ನು ಹೆಚ್ಚು ಸವೆಸುವುದಿಲ್ಲ, ಹಾಗಾಗಿ ಮೊಂಡು ಹರಳು ಅಲ್ಲೇ ಕೂತು ಬ್ಲೇಡ್ ಬರೀ ಉಜ್ಜುತ್ತದೆ. ಬಾದಾಮಿಯ ಮರಳುಗಲ್ಲಿನ ಪುಡಿಯೋ ಉಪ್ಪುಕಾಗದವೇ ಸರಿ. ಹರಳು ಇನ್ನೂ ಚೂಪಾಗಿರುವಾಗಲೇ ಲೋಹವನ್ನು ತಿಂದುಹಾಕುತ್ತದೆ. ಆದ್ದರಿಂದ ಗಟ್ಟಿ ಕಲ್ಲಿಗೆ ಮೆತ್ತನೆ ಬಾಂಡ್ (ಹರಳನ್ನು ಹಿಡಿದಿಡುವ ಲೋಹ), ಮರಳುಗಲ್ಲಿಗೆ ಗಟ್ಟಿ ಬಾಂಡ್. ಕೇಳಲು ಉಲ್ಟಾ ಅನಿಸಿದರೂ ಲೆಕ್ಕ ಇದೇ.

ಸದ್ಯಕ್ಕೆ ನುಣುಪಾದ ಬ್ಲೇಡನ್ನು ಮರಳುಗಲ್ಲಿನ ತುಂಡಿನಲ್ಲಿ ನಾಲ್ಕಾರು ಸಲ ಓಡಿಸಿ, ಹರಳು ಮತ್ತೆ ಬಾಯಿ ಬಿಡುತ್ತದೆ.

ಸೆಗ್ಮೆಂಟ್‌ಗಳ ನಡುವಿನ ಸೀಳು ಬಿಸಿ ತಗ್ಗಿಸಲು, ಪುಡಿ ಹೊರಹಾಕಲು. ತಟ್ಟೆಗೆ ಬೆಳ್ಳಿ ಬೆಸುಗೆಯಿಂದ ಕೂಡಿಸಿದ ಸೆಗ್ಮೆಂಟ್ ನೀರಿಲ್ಲದ ಒಣ ಕಟಿಂಗ್‌ನಲ್ಲಿ ಕಾದು ಕಿತ್ತು ಹಾರಬಹುದು. ಲೇಸರ್ ವೆಲ್ಡಿಂಗ್ ಬಂದ ಮೇಲೆ ಆ ಭಯ ಬಹಳ ಕಡಿಮೆ. ಹಾಗಂತ ಒಣಗಿಯೇ ಕೊಯ್ಯಬೇಡಿ. ಎರಡೂ ಕಲ್ಲಿನ ದೂಳಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಬಿಟ್ಟುಕೊಂಡು ಕತ್ತರಿಸಬೇಕೆಂದರೆ ನೀರಿಗೆಂದೇ ಮಾಡಿದ ಕಟರ್ ತಗೊಳ್ಳಿ, ಸಾದಾ ಗ್ರೈಂಡರ್‌ಗೆ ನೀರು ಸುರಿದರೆ ಶಾಕ್ ಹೊಡೆದೀತು.