ಮಾಸ್ಟೊಡಾನ್ ಖಾಲಿ ಕಾಣುತ್ತಿರುವುದಕ್ಕೆ

ಟ್ವಿಟರ್ ಬಿಟ್ಟು, ಅದರಂತೆಯೇ ಬರಹ ಹಂಚುವ, ಆದರೆ ಹಲವು ಸ್ವತಂತ್ರ ಸರ್ವರ್‌ಗಳಲ್ಲಿ ನಡೆಯುವ ಮಾಸ್ಟೊಡಾನ್‌ಗೆ ಬಂದು ಹತ್ತು ದಿನವಾದರೂ ಮುಖಪುಟ ಬಿಕೋ ಎನ್ನುತ್ತಿದೆ ಎಂದಿದ್ದೀರಿ. ಬಹುಶಃ ಏನೂ ಕೆಟ್ಟಿಲ್ಲ: ನಿಮ್ಮ ಮುಂದೆ ಬರಹ ತಂದು ಸುರಿಯುವ ಅಲ್ಗಾರಿದಮ್ ಅಲ್ಲಿಲ್ಲ. ನೀವು ಹಿಂಬಾಲಿಸಿದ್ದು ಮಾತ್ರ, ಬಂದ ಹೊತ್ತಿನ ಕ್ರಮದಲ್ಲಿ ಕಾಣುತ್ತದೆ.

ಮೊದಲು ನಿಮ್ಮ ಆಸಕ್ತಿಯ ಹ್ಯಾಷ್‌ಟ್ಯಾಗ್‌ಗಳನ್ನು ಹಿಂಬಾಲಿಸಿ. 2022ರ ನಾಲ್ಕನೇ ಆವೃತ್ತಿಯಿಂದ ಈ ಸೌಲಭ್ಯವಿದೆ. ಆಮೇಲೆ ಪರಿಚಿತರನ್ನು ಹುಡುಕಿ. ಬರೀ ಹೆಸರಿಗೆ ಸಿಗದಿದ್ದರೆ @ಹೆಸರು@ಸರ್ವರ್ ಎಂಬ ಪೂರ್ಣ ವಿಳಾಸವನ್ನೇ ಹುಡುಕಾಟದ ಪೆಟ್ಟಿಗೆಗೆ ಅಂಟಿಸಿ. ಸಿಕ್ಕವರ ಪುಟದಲ್ಲಿ ಹಳೆಯ ಬರಹ ಕಾಣದಿದ್ದರೆ ಗಾಬರಿ ಬೇಡ. ನಿಮ್ಮ ಸರ್ವರ್‌ನಲ್ಲಿ ಈವರೆಗೆ ಅವರನ್ನು ಯಾರೂ ಹಿಂಬಾಲಿಸಿರಲಿಕ್ಕಿಲ್ಲ, ಅಷ್ಟೇ. ನೀವು ಹಿಂಬಾಲಿಸಿದ ಮೇಲೆ ಹೊಸ ಬರಹಗಳು ಬರತೊಡಗುತ್ತವೆ.

ಸರ್ವರ್ ಯಾವುದೆಂದು ನೀವು ಬರೆದಿಲ್ಲ. ತೀರಾ ಚಿಕ್ಕದಾಗಿದ್ದರೆ ಹ್ಯಾಷ್‌ಟ್ಯಾಗ್‌ಗೂ ಹೆಚ್ಚು ಸಿಗಲಾರದು. ಆಗ ದೊಡ್ಡದೊಂದಕ್ಕೆ ಹೋಗುವುದೇ ಮೇಲು. ಹೊಸ ಖಾತೆಯಲ್ಲಿ ಹಳೆಯದರ ವಿಳಾಸವನ್ನು ಅಲಿಯಾಸ್ (ನಿಮ್ಮದೇ ಇನ್ನೊಂದು ವಿಳಾಸ) ಆಗಿ ನಮೂದಿಸಿ, ಬಳಿಕವೇ ಹಳೆಯದರಿಂದ ಸ್ಥಳಾಂತರ ಆರಂಭಿಸಿ. (ಇದನ್ನು ತಿರುವುಮುರುವು ಮಾಡಲು ಹೋಗಿ ನಾನು ಒಂದು ಸಂಜೆ ಕಳೆದುಕೊಂಡೆ.) ಹಿಂಬಾಲಕರು ಜೊತೆಗೆ ಬರುತ್ತಾರೆ, ಬರಹಗಳು ಬರುವುದಿಲ್ಲ. ನೀವು ಹಿಂಬಾಲಿಸುವವರ ಪಟ್ಟಿಯನ್ನು ಸಿಎಸ್‌ವಿ (ಸರಳ ಪಟ್ಟಿಯ) ಕಡತವಾಗಿ ಇಳಿಸಿಕೊಂಡು ಹೊಸ ಖಾತೆಗೆ ಏರಿಸಬೇಕು.