ಲ್ಯಾಬ್‌ನ ಅಪಾಯಕಾರಿ ವೇಸ್ಟ್ ಇಟ್ಟುಕೊಳ್ಳಲು, ಸಂಸ್ಕರಿಸಲು ಇರುವ ಪರ್ಮಿಟ್ ನಿಯಮಗಳನ್ನು ಸಡಿಲ ಮಾಡಬೇಕಲ್ವಾ?

ಪರ್ಮಿಟ್ ಇಲ್ಲದೆ ವೇಸ್ಟ್ ಅನ್ನು 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಅನ್ನುವ ಗಡುವಿನಿಂದ ಸುಸ್ತಾಗಿದ್ದೀರಿ. ಪರ್ಮಿಟ್ ಇಲ್ಲದೆ ಆಸಿಡ್ ವೇಸ್ಟ್ ಬಾಟಲಿಗೆ ಒಂದು ಹನಿ ಬೇಸ್ (ಕ್ಷಾರ) ಕೂಡ ಹಾಕುವಂತಿಲ್ಲ ಅಂತ ಬೇಜಾರು. ಅಮೆರಿಕದ ಯೂನಿವರ್ಸಿಟಿ ಲ್ಯಾಬ್‌ಗಳಿಗಾದರೂ ಗಡುವನ್ನು ಒಂದು ವರ್ಷಕ್ಕೆ ಏರಿಸಬೇಕು ಅಂತ ನಿಮ್ಮ ವಾದ. ನಾನೂ ಇದೇ ಮಾತು ಆಡಿದವನು. ಆಡಿದ್ದಷ್ಟೇ ಅಲ್ಲ, ಆ ಗಡುವಿಗೆ ಹೆದರಿ ಒಂದು ಬಾಟಲಿಯನ್ನು ಬಚ್ಚಿಟ್ಟವನು.

ಅಲ್ಲಿನ ಒಂದು ಯೂನಿವರ್ಸಿಟಿಯಲ್ಲಿ ಸಿಂಥೆಸಿಸ್ ಲ್ಯಾಬ್‌ನ ಮ್ಯಾನೇಜರ್ ಆಗಿದ್ದೆ. ಡಿಗ್ರಿ ಮುಗಿಸಿ ಹೋದ ಒಬ್ಬ ವಿದ್ಯಾರ್ಥಿ ತನ್ನ ಶೆಲ್ಫಿನ ತುಂಬ ಬಾಟಲಿ ಬಿಟ್ಟು ಹೋಗಿದ್ದ. ಅದರಲ್ಲಿ ಅರ್ಧ ಖಾಲಿಯಾದ ಐಸೊಪ್ರೊಪೈಲ್ ಈಥರ್ ಅನ್ನುವ ಸಾಲ್ವೆಂಟ್ (ದ್ರಾವಕ) ಒಂದು. ಯಾರಿಗೂ ಬೇಕಿರಲಿಲ್ಲ. ಬಿಸಾಡಬೇಕು ಅಂತಲೇ ಹಳದಿ ವೇಸ್ಟ್ ಟ್ಯಾಗ್ ಕೈಗೆ ತೆಗೆದುಕೊಂಡೆ. ಬರೆಯಲು ಹೋದವನು ನಿಲ್ಲಿಸಿದೆ. ಟ್ಯಾಗ್ ಬರೆದರೆ 90 ದಿನದ ಲೆಕ್ಕ ಶುರು. ಅಷ್ಟರಲ್ಲಿ ವೇಸ್ಟ್ ಒಯ್ಯುವ ಗಾಡಿ ಬಾರದಿದ್ದರೆ ನಾವು ಪರ್ಮಿಟ್ ಇಲ್ಲದ ವೇಸ್ಟ್ ಗೋದಾಮು ನಡೆಸುತ್ತಿದ್ದೇವೆ ಅಂತ ಆಗುತ್ತದೆ, ನನ್ನಿಂದ ಯೂನಿವರ್ಸಿಟಿಗೆ ದಂಡ ಬೀಳುತ್ತದೆ ಅಂದುಕೊಂಡೆ. ಟ್ಯಾಗ್ ಡ್ರಾಯರ್‌ಗೆ ಹೋಯಿತು, ಬಾಟಲಿ ಸಾಲ್ವೆಂಟ್ ಕಪಾಟಿಗೆ ವಾಪಸ್ ಹೋಯಿತು. ಪಟ್ಟಿಯಲ್ಲಿ ಅದು 'ಬಳಕೆಯಲ್ಲಿದೆ' ಅಂತ ಉಳಿಯಿತು. ಆಮೇಲೆ ಪ್ರತಿ ಸಲ ಪಟ್ಟಿ ನೋಡಿದಾಗಲೂ ಅದನ್ನೇ ಬರೆದೆ.

ಒಂದು ದಿನ ಹೊಸದಾಗಿ ಸೇರಿದ ಹುಡುಗಿ ಬೇರೇನೋ ಹುಡುಕುತ್ತಾ ಆ ಕಪಾಟು ತೆರೆದಳು. ಕಂದು ಗಾಜಿನ ಬಾಟಲಿ, ಲೇಬಲ್‌ನ ಅಂಚು ಎದ್ದಿತ್ತು. ಮುಚ್ಚಳದ ಕೆಳಗೆ, ಗಾಜಿನ ತಿರುಪು ಶುರುವಾಗುವ ಕಡೆ, ಸೂಜಿಯಂಥ ಬಿಳಿ ಹರಳುಗಳು. ಆಕೆ ಮುಟ್ಟಲಿಲ್ಲ. ಕಪಾಟಿನ ಬಾಗಿಲನ್ನೂ ಮುಚ್ಚದೆ ಬಂದು ನನ್ನನ್ನು ಕರೆದಳು. ಆ ಬುದ್ಧಿಗೆ ನಾನು ಇವತ್ತಿಗೂ ಋಣಿ.

ಆ ಹರಳು ಪೆರಾಕ್ಸೈಡ್. ಈಥರ್ ಗಾಳಿಯಲ್ಲಿರುವ ಆಮ್ಲಜನಕವನ್ನು ನಿಧಾನವಾಗಿ ಹಿಡಿದುಕೊಳ್ಳುತ್ತದೆ. ಐಸೊಪ್ರೊಪೈಲ್ ಈಥರ್‌ನಲ್ಲಿ ಅದು ಬೇಗ ಆಗುತ್ತದೆ, ಅದನ್ನು ಬಟ್ಟಿ ಇಳಿಸಬೇಕು ಅಂತಲೂ ಇಲ್ಲ, ಸುಮ್ನೆ ಶೆಲ್ಫಿನ ಮೇಲೆ ಕೂತಿದ್ದರೂ ಸಾಕು. ಅದಕ್ಕೇ ತೆರೆದ ಬಾಟಲಿಯನ್ನು 3 ತಿಂಗಳಿಗಿಂತ ಜಾಸ್ತಿ ಇಡಬೇಡಿ ಅನ್ನುತ್ತಾರೆ. ಒಣಗಿದ ಪೆರಾಕ್ಸೈಡ್ ಹರಳು ತಿಕ್ಕಾಟಕ್ಕೇ ಸಿಡಿಯಬಲ್ಲದು. ಮುಚ್ಚಳ ತಿರುಗಿಸಿದರೆ ಆಗುವುದೂ ತಿಕ್ಕಾಟವೇ.

ಕಟ್ಟಡ ಖಾಲಿ ಮಾಡಿಸಿದರು. ಇಂಥ ಬಾಟಲಿಗಳನ್ನು ದೂರದಿಂದಲೇ ನಿಭಾಯಿಸುವ ತಂಡವನ್ನು ಹೊರಗಿನಿಂದ ಕರೆಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಲ್ಯಾಬ್ ಮುಚ್ಚಿತು, ವಿಚಾರಣೆ ಆಯಿತು, ಗ್ರಾಂಟ್‌ನ ದುಡ್ಡು ಆ ತಂಡದ ಬಿಲ್‌ಗೆ ಹೋಯಿತು. ಒಬ್ಬ ವಿದ್ಯಾರ್ಥಿ ಆ ದಿನ ಅರ್ಧಕ್ಕೆ ಬಿಟ್ಟು ಓಡಿದ ರಿಯಾಕ್ಷನ್ ಅವನ ಥೀಸಿಸ್‌ನ ಮುಖ್ಯ ಹೆಜ್ಜೆ. ಅವನು ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು. ಮುಂದಿನ ವರ್ಷ ನನ್ನ ಕಾಂಟ್ರ್ಯಾಕ್ಟ್ ಮುಂದುವರಿಸಲಿಲ್ಲ. ಅದು ಸರಿಯಾದ ತೀರ್ಮಾನವೇ.

ಈಗ ನಿಮಗೆ ಬೇಕಾದ ಭಾಗಕ್ಕೆ ಬರುತ್ತೇನೆ. ನಾನು ಹೆದರಿದ ಆ 90 ದಿನದ ಲೆಕ್ಕ ನನ್ನ ಲ್ಯಾಬ್‌ನಲ್ಲಿ ಇರಲೇ ಇಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಗೊಂದಲ ಕಾಣಿಸುತ್ತಿದೆ. ಅಮೆರಿಕದಲ್ಲಿ ಇದೆಲ್ಲ ನಿಂತಿರುವುದು ಆರ್‌ಸಿಆರ್‌ಎ ಅನ್ನುವ 1976ರ ಫೆಡರಲ್ (ಕೇಂದ್ರ) ವೇಸ್ಟ್ ಕಾನೂನಿನ ಮೇಲೆ, ನೋಡಿಕೊಳ್ಳುವುದು ಕೇಂದ್ರದ ಪರಿಸರ ಸಂಸ್ಥೆಯಾದ ಇಪಿಎ ಮತ್ತು ಆಯಾ ರಾಜ್ಯ. ತಿಂಗಳಿಗೆ 1,000 ಕಿಲೊ ಅಥವಾ ಹೆಚ್ಚು ಅಪಾಯಕಾರಿ ವೇಸ್ಟ್ ಮಾಡುವ ಸಂಸ್ಥೆ ದೊಡ್ಡದು, ಅದಕ್ಕೆ 90 ದಿನ. 100ರಿಂದ 1,000 ಕಿಲೊ ಒಳಗಿನದು ಸಣ್ಣದು, ಅದಕ್ಕೆ 180 ದಿನ. 200 ಮೈಲಿ ಅಥವಾ ಹೆಚ್ಚು ದೂರ ಕಳಿಸಬೇಕಿದ್ದರೆ 270. ಈ ಅವಧಿ ಮೀರಿ ಇಟ್ಟುಕೊಂಡರೆ ಪರ್ಮಿಟ್ ಬೇಕು. ಇಲ್ಲಿಯವರೆಗೆ ನೀವು ಹೇಳಿದ್ದು ಸರಿ. ಆದರೆ ಈ ಲೆಕ್ಕ ಓಡುವುದು ಎಲ್ಲ ಲ್ಯಾಬ್‌ಗಳ ವೇಸ್ಟ್ ಒಟ್ಟುಗೂಡಿಸುವ ಸಂಸ್ಥೆಯ ಸೆಂಟ್ರಲ್ ಕೋಣೆಯಲ್ಲಿ. ನಿಮ್ಮ ಫ್ಯೂಮ್ ಹುಡ್‌ನ (ವಿಷಗಾಳಿಯನ್ನು ಹೊರಗೆ ಎಳೆಯುವ ಗೂಡು) ಪಕ್ಕದಲ್ಲಿ ಅಲ್ಲ.

ವೇಸ್ಟ್ ಹುಟ್ಟುವ ಜಾಗದಲ್ಲೇ, ಅದನ್ನು ಮಾಡಿದವರ ಕಣ್ಣಳತೆಯಲ್ಲಿ ಇಡುವ ಬಾಟಲಿಗಳಿಗೆ ಬೇರೆ ನಿಯಮವಿದೆ. ಅದನ್ನು ಸ್ಯಾಟಲೈಟ್ ಜಾಗ ಅನ್ನುತ್ತಾರೆ. ಅಲ್ಲಿ 55 ಗ್ಯಾಲನ್ (ಸುಮಾರು 208 ಲೀಟರ್) ವರೆಗೆ ಇಟ್ಟುಕೊಳ್ಳಬಹುದು, ತೀವ್ರ ವಿಷದ ದ್ರವ ವೇಸ್ಟ್ ಆದರೆ 1 ಕ್ವಾರ್ಟ್, ಅಂದರೆ ಸುಮಾರು 1 ಲೀಟರ್‌. ಫೆಡರಲ್ ನಿಯಮದಲ್ಲಿ ಅಲ್ಲಿಗೆ ದಿನದ ಮಿತಿಯೇ ಇಲ್ಲ. ಆ ಅಳತೆ ಮೀರಿದ ಮೇಲೆ ಹೆಚ್ಚಾದದ್ದನ್ನು ಮೂರು ದಿನದೊಳಗೆ ಸಾಗಿಸಬೇಕು, ಅಷ್ಟೇ. ಅಂದರೆ ನಾನು ಅವತ್ತು ಟ್ಯಾಗ್ ಬರೆದು, ವೇಸ್ಟ್ ಅಂತ ಹೆಸರು ಕೊಟ್ಟು, ಸೇಫ್ಟಿ ಆಫೀಸಿಗೆ ಒಂದು ಮೆಸೇಜ್ ಹಾಕಿದ್ದರೆ ಯಾವ ಗಡುವೂ ನನ್ನ ತಲೆ ಮೇಲೆ ಬೀಳುತ್ತಿರಲಿಲ್ಲ. ಒಬ್ಬ ಹಿರಿಯರು ಬಾಯಿಮಾತಲ್ಲಿ ಹೇಳಿದ್ದನ್ನು ನಂಬಿದ್ದೆ. ನಿಯಮದ ಪುಟವನ್ನು ಒಂದು ಸಲವೂ ತೆರೆದಿರಲಿಲ್ಲ. ಕೆಲವು ರಾಜ್ಯಗಳು ಇದಕ್ಕಿಂತ ಬಿಗಿ ಮಾಡಿವೆ, ಹಾಗಾಗಿ ನಿಮ್ಮ ರಾಜ್ಯದ್ದನ್ನು ನೋಡಿಯೇ ಮುಂದುವರಿಯಿರಿ. ನನ್ನ ಹಾಗೆ ಬಾಯಿಮಾತು ಕೇಳಿಸಿಕೊಂಡು ಬಿಡಬೇಡಿ.

ಹೀಗಾಗಿ ಗಡುವನ್ನು ಒಂದು ವರ್ಷಕ್ಕೆ ಏರಿಸಿ ಅನ್ನುವ ನಿಮ್ಮ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಲ್ಯಾಬ್ ವೇಸ್ಟ್‌ನಲ್ಲಿ ಅಪಾಯ ಹೆಚ್ಚಿಸುವುದು ಅಳತೆಗಿಂತ ಕಾಲ. ಈಥರ್ ಹರಳಾಗುತ್ತದೆ. ಪಿಕ್ರಿಕ್ ಆಸಿಡ್ ಒದ್ದೆಯಾಗಿದ್ದಾಗ ಸುಮ್ಮನಿರುತ್ತದೆ, ನೀರು ಆರಿದ ಮೇಲೆ ಸಿಡಿಮದ್ದು. ಲೇಬಲ್ ಅಳಿಸಿಹೋಗುತ್ತದೆ. ಬರೆದ ವಿದ್ಯಾರ್ಥಿ ಊರು ಬಿಟ್ಟಿರುತ್ತಾನೆ. ಒಳಗೇನಿದೆ ಅಂತ ಯಾರಿಗೂ ಗೊತ್ತಿಲ್ಲದ ಒಂದು ಬಾಟಲಿಯನ್ನು ಸಾಗಿಸುವುದು, ಗೊತ್ತಿರುವ ಹತ್ತು ಬಾಟಲಿ ಸಾಗಿಸುವುದಕ್ಕಿಂತ ಕಷ್ಟ. ಇಡುವ ಕಾಲ ಹೆಚ್ಚಿಸಿದರೆ ಇಂಥವೇ ಜಾಸ್ತಿ ಆಗುತ್ತವೆ.

ಸಡಿಲ ಆಗಬೇಕಿರುವುದು ಸಂಸ್ಕರಣೆ. ಅಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಪಕ್ಷ.

ಕಾನೂನಿನಲ್ಲಿ ಸಂಸ್ಕರಣೆ ಅನ್ನುವ ಮಾತಿನ ವ್ಯಾಪ್ತಿ ತುಂಬ ದೊಡ್ಡದು. ವೇಸ್ಟ್‌ನ ಗುಣವನ್ನು ಬದಲಿಸಿ ಅಪಾಯ ಕಡಿಮೆ ಮಾಡಲು ನೀವು ಮಾಡುವ ಯಾವ ಕೆಲಸವೂ ಅದರೊಳಗೆ ಬರುತ್ತದೆ, ಆಸಿಡ್‌ಗೆ ಬೇಸ್ ಹಾಕುವುದೂ ಸೇರಿ. ಪರ್ಮಿಟ್ ವ್ಯವಸ್ಥೆಯನ್ನು ಕಟ್ಟಿದ್ದು ವೇಸ್ಟ್ ಸುಡುವ ಇನ್ಸಿನರೇಟರ್, ಹೂಳುವ ಲ್ಯಾಂಡ್‌ಫಿಲ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ದಪ್ಪ ಅರ್ಜಿ, ಸಾರ್ವಜನಿಕರ ಅಭಿಪ್ರಾಯ, ಹೆಚ್ಚೆಂದರೆ 10 ವರ್ಷದ ಅವಧಿ. 20 ಮಿಲಿಲೀಟರ್ ಫ್ಲಾಸ್ಕ್‌ಗೆ ಅದೆಲ್ಲ ಹೊಂದುವುದಿಲ್ಲ. ಬೆಂಚಿನ ಮೇಲೆ ಇರುವ ಚೂರು ರಿಯಾಕ್ಟಿವ್ ಹೈಡ್ರೈಡ್‌ (ನೀರು ತಾಗಿದರೆ ಹೈಡ್ರೋಜನ್ ಬಿಡುವ ವಸ್ತು) ಬಗ್ಗೆ ಜಗತ್ತಿನಲ್ಲಿ ಅತಿ ಹೆಚ್ಚು ಗೊತ್ತಿರುವವರು ಅದನ್ನು ಅವತ್ತು ಬಳಸಿದ ವಿದ್ಯಾರ್ಥಿ. ಅವರು ಅಲ್ಲೇ ನಿಷ್ಕ್ರಿಯ ಮಾಡಿಬಿಡಬೇಕಾದದ್ದನ್ನು ಬಾಟಲಿಗೆ ತುಂಬಿ, ವಾರಗಟ್ಟಲೆ ಇಟ್ಟು, ಕಾರಿಡಾರ್‌ನಲ್ಲಿ ತಳ್ಳಿಕೊಂಡು ಹೋಗಿ, ಹೆದ್ದಾರಿಯಲ್ಲಿ ಸಾಗಿಸುವುದು ಯಾರಿಗೂ ಒಳ್ಳೆಯದಲ್ಲ.

ಆದರೆ ಇಲ್ಲೂ ನೀವು ಅಂದುಕೊಂಡಷ್ಟು ಬಾಗಿಲು ಮುಚ್ಚಿಲ್ಲ. ಆಸಿಡ್ ಅಥವಾ ಬೇಸ್ ಅನ್ನುವ ಒಂದೇ ಕಾರಣಕ್ಕೆ ಅಪಾಯಕಾರಿ ಎನಿಸಿಕೊಂಡ ವೇಸ್ಟ್ ಅನ್ನು ನ್ಯೂಟ್ರಲ್ ಮಾಡಲು ಫೆಡರಲ್ ಪರ್ಮಿಟ್ ಬೇಡ. ಅದರಲ್ಲಿ ಕ್ರೋಮಿಯಂ ಅಪಾಯಕಾರಿ ಮಟ್ಟದಲ್ಲಿ ಇದ್ದರೆ ಆ ವಿನಾಯಿತಿ ಸಿಗುವುದಿಲ್ಲ, ಯಾಕೆಂದರೆ ಪಿಎಚ್ ಸರಿಹೋದರೂ ಲೋಹ ಎಲ್ಲೂ ಹೋಗುವುದಿಲ್ಲ. ಚರಂಡಿಗೆ ಬಿಡಲು ಸ್ಥಳೀಯ ಒಳಚರಂಡಿ ಸಂಸ್ಥೆಯ ಒಪ್ಪಿಗೆ ಬೇರೆ ಬೇಕು, ಪಿಎಚ್ 5ಕ್ಕಿಂತ ಕಡಿಮೆ ಇದ್ದದ್ದನ್ನು ಸಾಮಾನ್ಯವಾಗಿ ಬಿಡುವ ಹಾಗೇ ಇಲ್ಲ. ಇನ್ನೊಂದು, ಗಡುವಿನೊಳಗೆ, ನಿಯಮ ಪಾಲಿಸುವ ಸಂಗ್ರಹದ ಡಬ್ಬಿ ಅಥವಾ ಟ್ಯಾಂಕ್‌ನಲ್ಲೇ ವೇಸ್ಟ್ ಸಂಸ್ಕರಿಸಲು ಪರ್ಮಿಟ್ ಬೇಡ ಅಂತ ಇಪಿಎ 1986ರಲ್ಲೇ ಹೇಳಿದೆ. ಸುಡುವುದು ಇದರಲ್ಲಿ ಬರುವುದಿಲ್ಲ. ಫ್ಯೂಮ್ ಹುಡ್‌ನಲ್ಲಿ ಸಾಲ್ವೆಂಟ್ ಆವಿಯಾಗಲಿ ಅಂತ ಬಿಟ್ಟು ಬಾಟಲಿ ಖಾಲಿ ಮಾಡುವುದಂತೂ ಸಂಸ್ಕರಣೆಯೇ ಅಲ್ಲ, ಅಕ್ರಮ ವಿಲೇವಾರಿ. ಎಷ್ಟೋ ಲ್ಯಾಬ್‌ಗಳಲ್ಲಿ ಇದು ನಡೆಯುತ್ತದೆ, ದಯವಿಟ್ಟು ಮಾಡಬೇಡಿ.

ಎಲ್ಲಕ್ಕಿಂತ ಉಪಯೋಗದ ದಾರಿ ಕೊನೆಯ ಹೆಜ್ಜೆಯನ್ನು ಪ್ರಯೋಗದೊಳಗೇ ಬರೆದುಕೊಳ್ಳುವುದು. ಲಿಥಿಯಂ ಅಲ್ಯೂಮಿನಿಯಂ ಹೈಡ್ರೈಡ್ ತೆಗೆದುಕೊಳ್ಳಿ. ರಿಯಾಕ್ಷನ್ ಮುಗಿದ ಫ್ಲಾಸ್ಕ್ ಅನ್ನು ಐಸ್‌ನಲ್ಲಿ ಕೂರಿಸಿ, ಈಥರ್ ಸೇರಿಸಿ ತೆಳು ಮಾಡುತ್ತೀರಿ. ನೀರನ್ನು ಹನಿ ಹನಿಯಾಗಿ ಬಿಡುತ್ತೀರಿ. ಪ್ರತಿ ಹನಿಗೂ ಹೈಡ್ರೋಜನ್ ನೊರೆ ಏಳುತ್ತದೆ. ನೊರೆ ಇಳಿಯುವವರೆಗೆ ಮುಂದಿನ ಹನಿ ಬೇಡ. ಆಮೇಲೆ 15% ಸೋಡಿಯಂ ಹೈಡ್ರಾಕ್ಸೈಡ್, ಮತ್ತೆ ನೀರು. ಬೂದು ಬಣ್ಣದ ಕೆಸರು ನಿಮ್ಮ ಕಣ್ಣೆದುರೇ ಬಿಳಿ ಹರಳು ಹರಳಾದ ಪುಡಿಯಾಗುತ್ತದೆ, ಸೋಸಿದರೆ ಮುಗಿಯಿತು. ಇದನ್ನು ಯಾರೂ ವೇಸ್ಟ್ ಸಂಸ್ಕರಣೆ ಅಂತ ಕರೆಯುವುದಿಲ್ಲ, ಪ್ರಯೋಗದ ವರ್ಕಪ್, ಅಂದರೆ ರಿಯಾಕ್ಷನ್ ಮುಗಿಸಿ ಬೇಕಾದ್ದನ್ನು ಬೇರ್ಪಡಿಸುವ ಹೆಜ್ಜೆ, ಅನ್ನುತ್ತಾರೆ. ಇದೇ ಶಿಸ್ತನ್ನು ಉಳಿದ ರಿಯಾಕ್ಟಿವ್ ವಸ್ತುಗಳಿಗೂ ಬರೆದಿಟ್ಟರೆ ಅರ್ಧ ತಲೆನೋವು ಹುಟ್ಟುವುದೇ ಇಲ್ಲ.

ನಿಯಮಗಳು ಸಡಿಲವಾಗಿಯೇ ಇಲ್ಲ ಅನ್ನುವುದೂ ತಪ್ಪು. 2008ರ ಡಿಸೆಂಬರ್‌ನಲ್ಲಿ ಇಪಿಎ ಕಾಲೇಜು, ಯೂನಿವರ್ಸಿಟಿ, ಅವಕ್ಕೆ ಸೇರಿದ ಬೋಧನಾ ಆಸ್ಪತ್ರೆ ಮತ್ತು ಲಾಭದ ಉದ್ದೇಶವಿಲ್ಲದ ಸಂಶೋಧನಾ ಸಂಸ್ಥೆಗಳ ಲ್ಯಾಬ್‌ಗಳಿಗಾಗಿ ಸಬ್‌ಪಾರ್ಟ್ ಕೆ ಅನ್ನುವ ಪ್ರತ್ಯೇಕ ನಿಯಮಗಳನ್ನು ತಂದಿತು. ಬೇಕಿದ್ದವರು ಆರಿಸಿಕೊಳ್ಳಬಹುದು. ಅದರಲ್ಲಿ ವಿದ್ಯಾರ್ಥಿ ಬಾಟಲಿಯ ಮೇಲೆ 'ಬೇಡವಾದ ವಸ್ತು' ಅಂತಲೂ ಒಳಗೇನಿದೆ ಅಂತಲೂ ಬರೆಯುತ್ತಾನೆ, ಅದು ಅಪಾಯಕಾರಿ ವೇಸ್ಟ್ ಹೌದೋ ಅಲ್ಲವೋ ಅಂತ ತರಬೇತಿ ಪಡೆದವರು ಆಮೇಲೆ ತೀರ್ಮಾನಿಸುತ್ತಾರೆ. ನಿಗದಿತ ಅವಧಿಯೊಳಗೆ ಅದನ್ನು ಲ್ಯಾಬ್‌ನಿಂದ ತೆಗೆಯಬೇಕು. ವರ್ಷಕ್ಕೊಮ್ಮೆ ಲ್ಯಾಬ್ ಪೂರ್ತಿ ಸ್ವಚ್ಛ ಮಾಡಿದಾಗ ಹೊರಬೀಳುವ ಹಳೆಯ, ಬಳಸದ ಕೆಮಿಕಲ್‌ಗಳನ್ನು ಸಂಸ್ಥೆ ದೊಡ್ಡದೋ ಸಣ್ಣದೋ ಅನ್ನುವ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈ ಕೊನೆಯ ಮಾತು ಎಷ್ಟು ದೊಡ್ಡದು ಅಂತ ಸಣ್ಣ ಕಾಲೇಜಿನವರನ್ನು ಕೇಳಿ. ಸೋಡಿಯಂ ಅಜೈಡ್, ಸೋಡಿಯಂ ಸಯನೈಡ್, ಆಸ್ಮಿಯಂ ಟೆಟ್ರಾಕ್ಸೈಡ್ ಇವೆಲ್ಲ ತೀವ್ರ ವಿಷದ ಪಟ್ಟಿಯಲ್ಲಿವೆ. ಇಂಥದ್ದು ಒಂದು ತಿಂಗಳಲ್ಲಿ 1 ಕಿಲೊ ಮೀರಿದರೆ ಸಣ್ಣ ಸಂಸ್ಥೆ ಆ ತಿಂಗಳ ಮಟ್ಟಿಗೆ ದೊಡ್ಡದಾಗಿಬಿಡುತ್ತದೆ, ನಿಯಮವೆಲ್ಲ ಬಿಗಿಯಾಗುತ್ತದೆ. ಆಗ ಜನ ಏನು ಮಾಡುತ್ತಾರೆ? ಸ್ವಚ್ಛ ಮಾಡುವುದನ್ನೇ ಮುಂದೂಡುತ್ತಾರೆ. ಸಬ್‌ಪಾರ್ಟ್ ಕೆ ಆ ಹೆದರಿಕೆಯನ್ನು ತೆಗೆಯಿತು. ಇಪಿಎಯ 2016ರ ನಿಯಮ ಬೇರೆ ಸಣ್ಣ ಸಂಸ್ಥೆಗಳಿಗೂ ವರ್ಷಕ್ಕೊಂದು ಇಂಥ ಅವಕಾಶ ಕೊಟ್ಟಿತು, ಮೊದಲೇ ತಿಳಿಸಿ 60 ದಿನದೊಳಗೆ ಮುಗಿಸಬೇಕು. ಒತ್ತಡ ಹೆಚ್ಚಿ ಸಿಡಿಯುವ ಭಯ ಇರುವ ಬಾಟಲಿಯ ಮುಚ್ಚಳವನ್ನು ಸ್ವಲ್ಪ ಹೊತ್ತು ಸಡಿಲ ಬಿಡಬಹುದು ಅಂತ ಹೇಳಿದ್ದೂ ಅದೇ ನಿಯಮ. ಒಳ್ಳೆಯ ಸಡಿಲಿಕೆ ಅಂದರೆ ನನಗೆ ಇಂಥದ್ದು. ಬಚ್ಚಿಡುವ ಕಾರಣವನ್ನು ಕಿತ್ತುಹಾಕುತ್ತದೆ, ಬಾಟಲಿಯನ್ನು ಬೇಗ ಹೊರಗೆ ಕಳಿಸುತ್ತದೆ.

ಹಾಗಾದರೆ ಏನು ಕೇಳಬೇಕು? ನಾನಾಗಿದ್ದರೆ ಇಷ್ಟು ಕೇಳುತ್ತೇನೆ. ಸಣ್ಣ ಅಳತೆಗೆ ಒಂದು ಮಿತಿ ಹಾಕಿ, ಬರೆದಿಟ್ಟ ವಿಧಾನದ ಪ್ರಕಾರ, ಆ ಕೆಮಿಸ್ಟ್ರಿ ಗೊತ್ತಿರುವವರು ತಮ್ಮದೇ ಲ್ಯಾಬ್‌ನಲ್ಲಿ ಹುಟ್ಟಿದ ವೇಸ್ಟ್ ಅನ್ನು ಸಂಸ್ಕರಿಸಲು ಎಲ್ಲ ರಾಜ್ಯದಲ್ಲೂ ಒಂದೇ ಸ್ಪಷ್ಟ ಒಪ್ಪಿಗೆ. ಬೇರೆ ಕಟ್ಟಡದಿಂದ ತಂದು ಸುರಿಯುವುದಕ್ಕೆ ಒಪ್ಪಿಗೆ ಬೇಡ, ಅಲ್ಲಿಂದ ಮುಂದೆ ಅದು ಲ್ಯಾಬ್ ಅಲ್ಲ, ಕಾರ್ಖಾನೆ. ಏನು ಹಾಕಿದೆ, ಏನು ಉಳಿಯಿತು ಅಂತ ದಾಖಲೆ ಕಡ್ಡಾಯ. ಗಡುವು ಈಗಿರುವಷ್ಟೇ ಇರಲಿ.

ಯಾರಿಗಾದರೂ ಪತ್ರ ಬರೆಯುವ ಮೊದಲು ನಿಮ್ಮ ಸೇಫ್ಟಿ ಆಫೀಸಿಗೆ ಹೋಗಿ. ನಮ್ಮ ಸಂಸ್ಥೆ ದೊಡ್ಡದೋ ಸಣ್ಣದೋ, ಸಬ್‌ಪಾರ್ಟ್ ಕೆ ಆರಿಸಿಕೊಂಡಿದ್ದೇವಾ, ನಮ್ಮ ರಾಜ್ಯ ಡಬ್ಬಿಯೊಳಗಿನ ಸಂಸ್ಕರಣೆಯನ್ನು ಒಪ್ಪುತ್ತದಾ ಅಂತ ಕೇಳಿ. ಕ್ಯಾಲಿಫೋರ್ನಿಯಾದಂಥ ಕಡೆ ಸ್ವಂತ ಸಂಸ್ಕರಣೆಗೆ ರಾಜ್ಯದ್ದೇ ಹಂತ ಹಂತದ ಪರವಾನಗಿ ಇದೆ, ಫೆಡರಲ್ ವಿನಾಯಿತಿಯನ್ನೇ ನಂಬಿ ಕೂರುವಂತಿಲ್ಲ. ಉತ್ತರ ಬರಹದಲ್ಲೇ ತೆಗೆದುಕೊಳ್ಳಿ. ನಿಮ್ಮ ರಾಜ್ಯ ಯಾವುದು, ಅವರು ಏನು ಹೇಳಿದರು ಅಂತ ಇಲ್ಲೇ ತಿಳಿಸಿದರೆ ಮುಂದಿನದನ್ನು ಒಟ್ಟಿಗೆ ನೋಡೋಣ.