ಏಳು ವಿಕೆಟ್, ಒಂದು ವ್ಯಾಕರಣ: ಮರಳಿಸಿದ ಲೇಖನದೊಂದಿಗೆ ಒಂದು ಪತ್ರ

ಪ್ರಿಯ ಲೇಖಕರೇ,

ಚಾರ್ಲ್ಸ್ ವರ್ಡ್ಸ್‌ವರ್ತ್ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಗ್ರೀಕ್, ಲ್ಯಾಟಿನ್ ಪಂಡಿತನೊಬ್ಬ ಕ್ರಿಕೆಟ್ ಆಡಿದ ಈ ಕಥೆ ಬಿಟ್ಟುಕೊಡುವಂಥದ್ದಲ್ಲ. ಅದಕ್ಕೇ ಎರಡು ಸಾಲಿನ ವಿಷಾದದ ಬದಲು ಇಷ್ಟುದ್ದ ಬರೆಯುತ್ತಿದ್ದೇನೆ.

ಎಡವಿದ್ದು ಮೊದಲ ಸಾಲಿನಲ್ಲೇ. ಆತನನ್ನು ಕವಿ ವಿಲಿಯಂ ವರ್ಡ್ಸ್‌ವರ್ತ್‌ನ 'ಸೋದರಳಿಯ' ಎಂದಿದ್ದೀರಿ. ಆತ ಕವಿಯ ತಮ್ಮನ ಮಗ. ಇಂಗ್ಲಿಷಿನಲ್ಲಿ ಎಲ್ಲರೂ ನೆಫ್ಯೂಗಳೇ. ನಮ್ಮಲ್ಲಿ ತಮ್ಮನ ಮಗ ಮಗನಾಗುತ್ತಾನೆ, ಅಳಿಯನಾಗುವುದಿಲ್ಲ. ಮನೆಯ ಹಿರಿಯರೊಬ್ಬರಿಗೆ ಓದಿ ಹೇಳಿದ್ದರೆ ಅಲ್ಲೇ ತಡೆಯುತ್ತಿದ್ದರು.

ಇನ್ನು ಪಂದ್ಯ. 1827ರ ಜೂನ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಮೊದಲ ಬಾರಿ ಎದುರಾದದ್ದು ಚಾರ್ಲ್ಸ್‌ನ ಓಡಾಟದಿಂದ ಎಂದಿರುವುದು ಸರಿ. ಆದರೆ ಆ 'ಬೆಂಕಿಯುಗುಳುವ ಯಾರ್ಕರ್'ಗಳು ಎಲ್ಲಿಂದ ಬಂದವು? ಭುಜದ ಮೇಲಿಂದ ತೋಳು ಬೀಸಿ ಎಸೆಯಲು ನಿಯಮ ಅನುಮತಿ ಕೊಟ್ಟದ್ದು 1864ರಲ್ಲಿ. ಆಗ ಓವರ್‌ಗೆ ನಾಲ್ಕೇ ಎಸೆತ. ನೀವು 'ಆರನೆಯ ಎಸೆತದಲ್ಲಿ' ವಿಕೆಟ್ ಉರುಳಿಸಿದ್ದೀರಿ. ಆಕ್ಸ್‌ಫರ್ಡ್ 258 ಗಳಿಸಿತು, ಕೇಂಬ್ರಿಜ್ 92ಕ್ಕೆ ಮುಗಿಯಿತು, ಅದರಲ್ಲಿ ಏಳು ವಿಕೆಟ್ ಚಾರ್ಲ್ಸ್‌ನವು. ಇಷ್ಟಾದರೂ ಮಳೆ ಬಂದು ಪಂದ್ಯ ಡ್ರಾ ಆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನೀವೋ ಆಕ್ಸ್‌ಫರ್ಡನ್ನು ಗೆಲ್ಲಿಸಿ, ಪಂದ್ಯದ ಕಥೆಗೆ ಇದ್ದ ಒಂದೇ ಸಂಕಟವನ್ನೂ ತೊಳೆದುಹಾಕಿದ್ದೀರಿ. 1829ರ ಮೊದಲ ದೋಣಿ ಸ್ಪರ್ಧೆಯಲ್ಲಿ ಆತ ಹುಟ್ಟು ಹಿಡಿದು ದೋಣಿ ನಡೆಸಿದ್ದಕ್ಕೆ ಎರಡು ಪುಟ ಬೇಡ, ಒಂದು ವಾಕ್ಯ ಸಾಕು.

ಇವೆಲ್ಲ ತಿದ್ದಬಹುದಾದ ತಪ್ಪುಗಳು. ನನ್ನ ನಿಜವಾದ ತಕರಾರು ಬೇರೆ. ಐದು ಪುಟ ಆಟಗಾರನನ್ನು ಓಡಾಡಿಸಿ, 'ಇನ್ನು ವಿದ್ವತ್ತಿನ ಕಡೆ ಬರೋಣ' ಎಂದು ಮಗ್ಗುಲು ಬದಲಿಸುತ್ತೀರಿ. ಆಮೇಲೆ ವಿಂಚೆಸ್ಟರ್ ಶಾಲೆಯಲ್ಲಿ ಉಪಾಧ್ಯಾಯ, ಸ್ಕಾಟ್ಲೆಂಡಿನ ಗ್ಲೆನಾಲ್ಮಂಡ್ ಶಾಲೆಯಲ್ಲಿ ಮುಖ್ಯಸ್ಥ, ಸೇಂಟ್ ಆಂಡ್ರೂಸ್‌ನ ಬಿಷಪ್ ಎಂದು ಸೇವಾ ಪುಸ್ತಕ ತೆರೆದುಕೊಳ್ಳುತ್ತದೆ. ಇಬ್ಬರು ಬೇರೆ ಬೇರೆ ಮನುಷ್ಯರ ಕಥೆ ಓದಿದ ಹಾಗಾಯಿತು. 'ಬಹುಮುಖ ಪ್ರತಿಭೆ' ಎಂದು ನಾಲ್ಕು ಕಡೆ ಬರೆದರೆ ಇಬ್ಬರೂ ಒಬ್ಬರಾಗುವುದಿಲ್ಲ. ಲ್ಯಾಟಿನ್ ಕವಿತೆಗೆ ವಿಶ್ವವಿದ್ಯಾಲಯದ ಬಹುಮಾನ ಬಂದದ್ದೂ ಅದೇ 1827ರಲ್ಲಿ! ಇದು ನಿಮ್ಮ ಟಿಪ್ಪಣಿಯಲ್ಲಿದೆ, ಲೇಖನದಲ್ಲಿಲ್ಲ.

1839ರಲ್ಲಿ ಬಂದ ಆತನ ಗ್ರೀಕ್ ವ್ಯಾಕರಣಕ್ಕೆ ಅರ್ಧ ಸಾಲು ಕೊಟ್ಟಿದ್ದೀರಿ. ಅದೇ ವರ್ಷ ಹೆಂಡತಿ ಷಾರ್ಲಟ್ ತೀರಿಕೊಂಡಳು. ಆಕೆಗಾಗಿ ಆತ ಲ್ಯಾಟಿನ್‌ನಲ್ಲಿ ಎರಡೇ ಸಾಲು ಬರೆದ. ಭಾವ ಹೀಗಿದೆ: ಹೋಗು, ತೀರ ಮುದ್ದಾದವಳೇ, ದೇವರು ಕರೆಯುತ್ತಾನೆ, ಹೋಗು, ನನ್ನ ಜೀವದ ಒಳ್ಳೆಯ ಪಾಲೇ, ಅಳುತ್ತ ಉಳಿದ ಪಾಲೇ, ಹಿಂದೆ ಹೋಗುವುದನ್ನು ಕಲಿ. ಹೋಗು, ಹೋಗು, ಕಲಿ: ಮೂರೂ ವಿಧ್ಯರ್ಥದ, ಅಂದರೆ ಅಪ್ಪಣೆಯ, ಕ್ರಿಯಾಪದಗಳು. ಹುಡುಗರಿಗೆ ಹೇಳಿಕೊಡುತ್ತಿದ್ದ ವ್ಯಾಕರಣದಲ್ಲೇ ಆತ ಮೊದಲು ಸತ್ತವಳಿಗೆ, ಆಮೇಲೆ ತನಗೇ ಅಪ್ಪಣೆ ಕೊಡುತ್ತಿದ್ದಾನೆ. ಮಳೆಯಲ್ಲಿ ನಿಂತುಹೋದ ಪಂದ್ಯದಿಂದ ಈ ಎರಡು ಸಾಲಿಗೆ ದಾರಿ ಮಾಡಿ. ಬಿಷಪ್ ಪದವಿಗೆ ಅಷ್ಟೊತ್ತಿಗೆ ಜಾಗ ಉಳಿಯುವುದಿಲ್ಲ, ಉಳಿಯಬೇಕಾಗಿಯೂ ಇಲ್ಲ.

ಹೊಸ ಕರಡು ಆರು ಪುಟ ಮೀರದಿರಲಿ. ಬಂದ ಕೂಡಲೇ ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ